ಫೋಟೋ ಬಾಳಣ್ಣ ತೆಗೆದ ಸಿನಿಮಾ

ನಮ್ಮ ಕಡೆಯ ಮದುವೆಗಳಲ್ಲಿ ಊರೆಲ್ಲ ಮುಂದಕ್ಕೆ ನಡೆಯುವಾಗ ಹಿಂದಕ್ಕೆ ನಡೆಯುವವನು ಬಾಳಣ್ಣ ಒಬ್ಬನೇ. ಮದುಮಗ, ಮದುಮಗಳು, ಅವರ ಬೆನ್ನಿಗೆ ಡೊಳ್ಳು, ಅದರ ಹಿಂದೆ ಬೀಗರು ಗುಡಿಯಿಂದ ಹಂದರದತ್ತ ಬರುತ್ತಿದ್ದರೆ, ಅವರೆಲ್ಲರಿಗೆ ಮುಖ ಕೊಟ್ಟು, ದಾರಿಗೆ ಬೆನ್ನು ಮಾಡಿ, ಹೆಗಲ ಮೇಲೆ ಕ್ಯಾಮೆರಾ ಹೊತ್ತು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತಿದ್ದ. ಎಡಗೈಯನ್ನು ಬೆನ್ನ ಹಿಂದೆ ಚಾಚಿ ಗಾಳಿಯಲ್ಲಿ ತಡಕುತ್ತಿದ್ದ. ಹಂದರದ ಗಳ, ನಿಂತ ಟ್ರ್ಯಾಕ್ಟರು, ಗಟಾರದ ಅಂಚು, ಎಲ್ಲವೂ ಆ ಕೈಗೆ ತಿಳಿಯುತ್ತಿದ್ದವು. ಒಮ್ಮೆ ನಮ್ಮ ಘೋಡಗೇರಿಯಲ್ಲೇ ಎಮ್ಮೆಯೊಂದಕ್ಕೆ ಬೆನ್ನು ತಾಗಿಸಿ, ತಿರುಗಿಯೂ ನೋಡದೆ, "ಸ್ವಲ್ಪ ಬಾಜೂ ಸರೀರಿ ಅಕ್ಕಾರ, ಮದುಮಗಳು ಬರಾಕತ್ತಾಳ" ಅಂದಿದ್ದ. ಮದುಮಗಳು ನಕ್ಕಳು. ಆ ನಗು ವಿಡಿಯೋದಲ್ಲಿ ಬಂತು.

ಹುಕ್ಕೇರಿಯ ಸಂತೆ ರಸ್ತೆಯಲ್ಲಿ ಅವನ ಸ್ಟುಡಿಯೋ. ಒಂದು ಖೋಲಿ, ಜಲಪಾತ ಬರೆದ ಒಂದು ಪರದೆ, ಬೆತ್ತದ ಕುರ್ಚಿ, ಗೋಡೆಗೆ ಕಬ್ಬಿಣದ ಕಪಾಟು. ಕಪಾಟಿನಲ್ಲಿ ಹುಕ್ಕೇರಿ, ಗೋಕಾಕ, ಮೂಡಲಗಿ ಮೂರೂ ಕಡೆಯ ಮದುವೆಗಳಿದ್ದವು. ಮೊದಲು ಕ್ಯಾಸೆಟ್ಟು, ಆಮೇಲೆ ಡಿಸ್ಕು. ಪ್ರತಿಯೊಂದರ ಮೇಲೂ ದುಂಡಗಿನ ಅಕ್ಷರದಲ್ಲಿ ಗಂಡು-ಹೆಣ್ಣಿನ ಹೆಸರು. "ಮಂದಿ ಮುಖ ಅಳಸೂದು ನನ್ನ ಕೈಲೆ ಆಗೂದಿಲ್ಲ" ಎಂದು ಹೇಳುತ್ತಿದ್ದ. ಕೂಡಿ ಬಾಳದೆ ಮುರಿದ ಮದುವೆಗಳೂ ಅಲ್ಲಿ ಕೂಡಿಯೇ ಇದ್ದವು.

ನಾನು ಅವನನ್ನು ಮೊದಲು ಕಂಡದ್ದು ಟೀಚರ್ ಟ್ರೇನಿಂಗಿನ ಅರ್ಜಿಗೆ ಫೋಟೋ ತೆಗೆಸಲು ಹೋದಾಗ. ನನಗೆ ಹದಿನೆಂಟು ವರ್ಷ. ಅರ್ಜಿ ಹಾಕುವುದು ಬೇಡವೆಂದು ಸೋದರಮಾವ ಮನೆಯಲ್ಲಿ ರಂಪ ಮಾಡಿದ್ದ. ಅಪ್ಪನಿಲ್ಲದ ಮನೆಯಲ್ಲಿ ಅವನ ಮಾತೇ ದೊಡ್ಡದು. ಅವ್ವ ಎದುರು ಮಾತಾಡಿ ನನ್ನನ್ನು ಬಸ್ಸಿಗೆ ಹತ್ತಿಸಿದ್ದಳು. ನಾನು ದಾರಿಯುದ್ದ ಅತ್ತು, ಕಣ್ಣು ಬಾವು ಬಂದ ಹಾಗಾಗಿ, ಬೆತ್ತದ ಕುರ್ಚಿಯಲ್ಲಿ ಕೂತೆ. ಬಾಳಣ್ಣ ಕ್ಯಾಮೆರಾದೊಳಗೆ ಇಣುಕಿ ತಲೆ ಎತ್ತಿದ.

"ಇಂಥಾದ್ದು ನಾ ತಗಿಯೂದಿಲ್ಲ ತಂಗಿ. ಸಂತ್ಯಾಗ ಒಂದ ಸುತ್ತ ಹಾಕಿ ಬಾ. ಕಬ್ಬಿನ ಹಾಲ ಕುಡಿ. ಮುಖಕ್ಕ ಮುಖ ಬರಬೇಕು, ಆಮ್ಯಾಲೆ ತಗಿಯೂಣು."

ಒಂದು ತಾಸು ಬಿಟ್ಟು ಬಂದೆ. ನಗು ಅನ್ನಲಿಲ್ಲ, ಗದ್ದ ಎತ್ತು ಅನ್ನಲಿಲ್ಲ. "ಉಸರ ಬಿಡು ಸಾಕು" ಎಂದ. ಆ ಫೋಟೋ ಈಗಲೂ ನನ್ನ ಸೇವಾಪುಸ್ತಕದಲ್ಲಿದೆ. ನನ್ನ ಮುಖ ಅಷ್ಟು ಚೆಂದ ಇದೆಯೆಂದು ನನಗೆ ಅದಕ್ಕೂ ಮೊದಲು ಗೊತ್ತಿರಲಿಲ್ಲ.

ಹಾಗಾಗಿ ನನ್ನ ತಂಗಿ ಕಸ್ತೂರಿಯ ಮದುವೆ ಗೊತ್ತಾದಾಗ ವಿಡಿಯೋ ಯಾರದ್ದು ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಗಂಡಿನ ಕಡೆಯವರು ಮೂಡಲಗಿ ಹತ್ತಿರದ ಊರಿನವರು. ಅವರಿಗೂ ಬಾಳಣ್ಣನೇ ಬೇಕಾಗಿದ್ದ. ಅರಿಷಿಣ ಹಚ್ಚುವ ದಿನ ಮಧ್ಯಾಹ್ನ ಬಂದು ಲೈಟು ಹೂಡುವಾಗ ಕರೆಂಟು ಹೋಯಿತು. ಹೆಂಗಸರೆಲ್ಲ ಹಂದರದ ಕೆಳಗೆ ಬೀಸಣಿಗೆ ಆಡಿಸುತ್ತ ಕೂತರು. ಆಗ ಅವನು ತನ್ನ ಸಿನಿಮಾದ ಕಥೆ ತೆಗೆದ.

ಹರೆಯದಲ್ಲಿ ಗೋಕಾಕದ ಒಂದು ವಿಡಿಯೋ ಪಾರ್ಲರಿನಲ್ಲಿ ಅವನು ಯಾವುದೋ ದೂರದೇಶದ ಸಿನಿಮಾ ನೋಡಿದ್ದನಂತೆ. ಭಾಷೆ ಒಂದಕ್ಷರ ತಿಳಿಯದು. ಮದುವೆಯ ಮನೆಗೆ ಮುಖವಾಡ ಹಾಕಿದವನೊಬ್ಬ ಬಂದು ಒಬ್ಬೊಬ್ಬರನ್ನೇ ಕೊಯ್ಯುತ್ತ ಹೋಗುವ ಕಥೆ. ಅವನು ಅದನ್ನು ಹನ್ನೊಂದು ಸಲ ನೋಡಿದ್ದ. ಕ್ಯಾಮೆರಾ ಹಿಡಿಯಬೇಕೆಂಬ ಹುಚ್ಚು ಹತ್ತಿದ್ದೇ ಅಲ್ಲಿ.

"ರಕ್ತ ಭಾಳ ಇಲ್ರಿ ಅದರಾಗ," ಎಂದು ದನಿ ತಗ್ಗಿಸಿದ. "ಹಿತ್ತಲ ಬಾಗಲಾ ಹಾಕಿರತಾರ. ಎಲ್ಲಾರೂ ಊಟಾ ಮಾಡಾಕತ್ತಿರತಾರ. ಒಬ್ಬಾಕಿ ನೀರ ತರಾಕ ಹೋಗಿ ನೋಡತಾಳ, ಬಾಗಲಾ ತಗದೈತಿ. ಅಷ್ಟ. ಯಾರ ತಗದರು? ಅದ ನೋಡ್ರಿ ಹೆದರಿಕಿ. ಕುತ್ತಿಗಿ ಕೊಯ್ಯೂದು ಯಾ ಕಟಗನೂ ಮಾಡತಾನ."

ನಮ್ಮ ಹಿತ್ತಲ ಬಾಗಿಲು ತೆರೆದಿತ್ತು. ಮೂರು ಮಂದಿ ಹೆಂಗಸರು ಒಮ್ಮೆಗೇ ಅತ್ತ ತಿರುಗಿದರು. ಕಸ್ತೂರಿ ಗಲ್ಲಕ್ಕೆ ಅರಿಷಿಣ ಮೆತ್ತಿಕೊಂಡೇ ಕೇಳಿದಳು: "ಅಣ್ಣಾ, ಮದುಮಗಳು ಉಳೀತಾಳೇನು?"

"ಆಕಿ ಒಬ್ಬಾಕೀನ ಉಳಿಯೂದು ತಂಗಿ. ಕಡೀಕ ಅವನ ಮುಖವಾಡಾ ಆಕೀನ ಕಿತ್ತ ಒಗಿತಾಳ. ಆಕಿ ಸತ್ತರ ಕಥೀನ ಇಲ್ಲ." ಒಂದಲ್ಲ ಒಂದು ದಿನ ಅದನ್ನು ನಮ್ಮ ಭಾಷೆಯಲ್ಲಿ, ನಮ್ಮ ಊರುಗಳಲ್ಲಿ ಮತ್ತೆ ಮಾಡುತ್ತೇನೆ ಎಂದು ಆಣೆ ಮಾಡಿ ಹೇಳಿದ. ಕರೆಂಟು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ಕರೆಂಟಿಗೋ ಕಥೆಗೋ ಗೊತ್ತಿಲ್ಲ.

ಕಸ್ತೂರಿ ಎರಡು ವರ್ಷ ಬಾಳಿದಳು. ಒಂದು ಮಳೆಗಾಲದಲ್ಲಿ ಜ್ವರ ಬಂತು; ಗೋಕಾಕದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು, ನಾಲ್ಕನೆಯ ದಿನ ಇರಲಿಲ್ಲ. ಅವಳಿಗೆ ಇಪ್ಪತ್ಮೂರು. ವರ್ಷ ತುಂಬುವುದರೊಳಗೆ ಅವಳ ಗಂಡನಿಗೆ ಮತ್ತೊಂದು ಹೆಣ್ಣು ನೋಡುತ್ತಿದ್ದಾರೆಂಬ ಸುದ್ದಿ ಬಂತು. ಅವ್ವ ಅದನ್ನು ತಪ್ಪೆನ್ನಲಿಲ್ಲ. "ಗಂಡಸು, ಎಷ್ಟ ದಿನಾ ಕುಂದರತಾನ" ಅಂದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಮದುವೆಯ ವಿಡಿಯೋ. ಅದು ಬೀಗರ ಮನೆಯಲ್ಲಿತ್ತು, ಕೇಳಿದರೆ ಒಡೆದಿದೆ ಅಂದರು. ಆಗ ನಮ್ಮ ಮನೆಯಲ್ಲಿದ್ದದ್ದು ಬಟನ್ನಿನ ಫೋನು. ಕಸ್ತೂರಿಯ ಎರಡು ಫೋಟೋ ಇದ್ದವು. ನಡೆಯುವ, ತಿರುಗುವ, ಮಾತಾಡುವ ಕಸ್ತೂರಿ ಎಲ್ಲಿಯೂ ಇರಲಿಲ್ಲ.

ಅವ್ವ ಒಬ್ಬಳೇ ಬಸ್ಸು ಹತ್ತಿ ಹುಕ್ಕೇರಿಗೆ ಹೋದಳು. ಹೊಲದ ಶೇಂಗಾ ಒಂದು ಚೀಲ ತುಂಬಿಕೊಂಡು ಹೋಗಿದ್ದಳು. ಸಂಜೆ ಬರಿಗೈಲಿ ಬಂದು ಕಟ್ಟೆಯ ಮೇಲೆ ಕೂತಳು.

"ಸುಟ್ಟ ಹೋಗೇತಂತ. ಅದೇನೋ ಡಿಸ್ಕ ಅಂತಾರಲ್ಲ, ಅದು. ನಮ್ದಷ್ಟ ಅಲ್ಲ, ಆ ವರ್ಷದ್ದ ಎಲ್ಲಾ ಹೋಗ್ಯಾವಂತ. ಕ್ಯಾಮೆರಾದ ಮ್ಯಾಲೆ ಕೈ ಇಟ್ಟ ಆಣಿ ಮಾಡಿದ. ಪಾಪ, ಅವನ ಕಣ್ಣಾಗೂ ನೀರ ಬಂದ್ವು. ನಾನ ಸಮಾಧಾನ ಮಾಡಿ ಬಂದೆ."

"ಶೇಂಗಾ?"

"ಕೊಟ್ಟ ಬಂದೆ. ಅವನರೆ ಏನ ಮಾಡ್ಯಾನು."

ನಾನು ಆಗಲೇ ಮೂಡಲಗಿಯ ಸಾಲಿಯಲ್ಲಿ ಟೀಚರ್ ಆಗಿದ್ದೆ. ಸಂತೆಯ ದಿನ ಹುಕ್ಕೇರಿಗೆ ಹೋದರೆ ಬಾಳಣ್ಣನ ಸ್ಟುಡಿಯೋದಲ್ಲಿ ಕೂತು ಚಹಾ ಕುಡಿದೇ ಬರುತ್ತಿದ್ದೆ. ಅವನು ಕಸ್ತೂರಿಯ ಮಾತು ತೆಗೆಯುತ್ತಿರಲಿಲ್ಲ. ನೋವಾಗುತ್ತದೆಂದು ತೆಗೆಯುವುದಿಲ್ಲ ಅಂದುಕೊಂಡಿದ್ದೆ. ಏಳು ವರ್ಷ ಹಾಗೇ ಹೋದವು.

ಹೋದ ವರ್ಷ ಅವನ ಸಿನಿಮಾ ಆಗಿಯೇ ಬಿಟ್ಟಿತು. ಹೆಸರು 'ಮುಸುಕಿನ ಕುಡಗೋಲು'. ಗುತ್ತಿಗೆದಾರನೊಬ್ಬ ಬಂಡವಾಳ ಹಾಕಿದ್ದ. ಕಥೆ, ಕ್ಯಾಮೆರಾ, ನಿರ್ದೇಶನ ಬಾಳಣ್ಣನದು. ಮೂಡಲಗಿಯ ಹೊರಗಿನ ಪಾಳು ಹತ್ತಿ ಗೋದಾಮಿನಲ್ಲಿ ಇಪ್ಪತ್ತು ದಿನ ಶೂಟಿಂಗ್ ನಡೆಯಿತು. ಆಟೋಗಳ ಬೆನ್ನಿಗೆಲ್ಲ ಪೋಸ್ಟರು. ಗೋಕಾಕದ ಟಾಕೀಸಿನಲ್ಲಿ ಮ್ಯಾಟಿನಿ ಒಂದೇ ಶೋ. ನಮ್ಮ ಸಾಲಿಗೆ ಹತ್ತು ಪಾಸು ಬಂದವು. ನನಗೆ ಮಾತ್ರ ಬೇರೆಯಾಗಿ ಅವನು ಫೋನ್ ಮಾಡಲಿಲ್ಲ. ಕೆಲಸದ ಗದ್ದಲ ಅಂದುಕೊಂಡೆ. ಆದರೂ ಹೆಮ್ಮೆ. ಜೊತೆಯ ಸುನಂದಾ ಟೀಚರಿಗೆ ಬಸ್ಸಿನಲ್ಲಿ ಹಿತ್ತಲ ಬಾಗಿಲಿನ ಕಥೆ ಹೇಳಿದೆ. ಆಕೆಗೆ ಹಗಲಿನಲ್ಲೇ ಮೈ ಜುಮ್ಮೆಂದಿತು. "ಇಷ್ಟ ಹೆದರಿಕಿ ಇದ್ರ ನಾ ನಡುವ ಎದ್ದ ಬರ್ತೇನ್ರಿ" ಅಂದಳು.

ಹೆದರಲು ಏನೂ ಇರಲಿಲ್ಲ. ಕೊಲೆಗಾರನ ಮುಸುಕು ತಲೆದಿಂಬಿನ ಗವಸಣಿಗೆ. ಅದರ ಅಂಚಿನ ಹೂವು ಕೂಡ ಕಾಣುತ್ತಿತ್ತು. ರಕ್ತ ಗಜ್ಜರಿಯ ಹಲ್ವಾದ ಬಣ್ಣ. ನಡುರಾತ್ರಿ ಎಂದು ನೀಲಿ ಮಾಡಿದ ದೃಶ್ಯದಲ್ಲಿ ಗೋಡೆಯ ಮೇಲೆ ಬಿಸಿಲಿನ ನೆರಳು ನಿಚ್ಚಳ ಬಿದ್ದಿತ್ತು, ಹಿಂದೆ ಯಾರೋ ಕಬ್ಬಿನ ಗಾಡಿ ಹೊಡೆದುಕೊಂಡು ಹೊರಟಿದ್ದ. ಜಲಪಾತವನ್ನು ಐದು ಸಲ ತೋರಿಸಿದರು. ಸತ್ತವನೊಬ್ಬ ಸೊಳ್ಳೆ ಹೊಡೆದುಕೊಂಡ. ಟಾಕೀಸಿನಲ್ಲಿ ಸೀಟಿ, ನಗು, "ಲೇ, ಎದ್ದ ಕುಂಡ್ರೋ ಹೆಣಾ!" ಎಂಬ ಕೂಗು. ಹಿತ್ತಲ ಬಾಗಿಲು ಬಂತು. ಅದು ತೆರೆದದ್ದನ್ನು ಯಾರೂ ಗಮನಿಸುವ ಮೊದಲೇ ಢಂ ಎಂದು ಸಂಗೀತ ಬಾರಿಸಿ, ಕುಡಗೋಲು ತೋರಿಸಿಬಿಟ್ಟರು. ಎಷ್ಟು ವರ್ಷ ಎದೆಯಲ್ಲಿಟ್ಟುಕೊಂಡ ಕಥೆಯನ್ನು ಮನುಷ್ಯ ತಾನೇ ಹೀಗೆ ಕೆಡಿಸುತ್ತಾನೆಯೇ ಎಂದು ನನಗೆ ಸಂಕಟವಾಯಿತು. ಅವನ ಸಲುವಾಗಿ ನಾಚಿಕೆಯಾಯಿತು.

ಆಮೇಲೆ ಮದುವೆಯ ದೃಶ್ಯ ಬಂತು. ಇದ್ದಕ್ಕಿದ್ದಂತೆ ಪರದೆ ತುಂಬ ಖರೆ ಮಂದಿ. ಖರೆ ಹಂದರ, ಖರೆ ಡೊಳ್ಳು. ಆ ಹಂದರದ ಕೆಂಪು-ಹಳದಿ ಬಟ್ಟೆ ನನಗೆ ಗೊತ್ತಿತ್ತು. ಡೊಳ್ಳು ಬಾರಿಸುವವನು ನಮ್ಮ ದೊಡ್ಡಪ್ಪನ ಮಗ. ಮದುಮಗಳು ಬಾಸಿಂಗ ಕಟ್ಟಿಕೊಂಡು, ಎಡಗೈಯಲ್ಲಿ ಸೀರೆಯ ನಿರಿಗೆ ಎತ್ತಿ ಹಿಡಿದು ನಡೆದು ಬರುತ್ತಿದ್ದಳು. ಕಸ್ತೂರಿ ಎಡಚಿ. ಬಾಸಿಂಗದ ಎಳೆಗಳಲ್ಲಿ ಮುಖ ಅರ್ಧ ಮುಚ್ಚಿತ್ತು. ನಾನು ಕುರ್ಚಿಯ ಕೈ ಹಿಡಿದೆ. ಅವಳು ಬದಿಗೆ ಯಾರನ್ನೋ ನೋಡಿ, ಎಳೆಗಳನ್ನು ಸರಿಸಿ, ಹಲ್ಲು ಕಾಣುವಂತೆ ನಕ್ಕಳು. ಮರುಕ್ಷಣ ಕುಡಗೋಲು ಬೀಸಿತು. ಅದೇ ಬಣ್ಣದ ಸೀರೆ ಉಟ್ಟ ಬೇರಾವುದೋ ಹುಡುಗಿ ಗೋದಾಮಿನ ನೆಲದ ಮೇಲೆ ಬಿದ್ದಳು, ಅವಳ ಕುತ್ತಿಗೆಗೆ ಕೆಂಪು ನೀರು. ಬಾಳಣ್ಣನ ಕಥೆಯಲ್ಲಿ ಉಳಿಯುವ ಮದುಮಗಳನ್ನೇ ಇಲ್ಲಿ ಕೊಂದಿದ್ದರು. ಟಾಕೀಸಿನಲ್ಲಿ ನಗೆಯೋ ನಗೆ.

ಸುನಂದಾ ಟೀಚರೂ ನಗುತ್ತಿದ್ದಳು. ಆಕೆಗೇನು ಗೊತ್ತು.

ಆ ಸಂಜೆ ಅವ್ವನಿಗೆ ಹೇಳಬಾರದೆಂದೇ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದವಳು ನನ್ನ ಮುಖ ನೋಡಿ ಕೈ ನಿಲ್ಲಿಸಿದಳು. ಹೇಳಿಬಿಟ್ಟೆ. ಸುಟ್ಟ ಡಿಸ್ಕು ಹೇಗೆ ಬಂತು, ಬಾಳಣ್ಣ ಯಾಕೆ ಸುಳ್ಳು ಹೇಳಿದ ಎಂದು ಅವಳು ಕೇಳಬಹುದೆಂದು ಕಾದೆ. ಅವಳು ಕೇಳಿದ್ದು ಬೇರೆ.

"ಎಷ್ಟ ಹೊತ್ತ ಅದಾಳ?"

"ಹತ್ತ ಎಣಸೂದರಾಗ ಮುಗಿತೈತಿ."

"ನಡಿತಾಳ?"

"ನಡಿತಾಳ. ನಗತಾಳ."

"ನಾಳಿ ಕರಕೊಂಡ ಹೋಗು."

ಮದುವೆಯಾದ ಮೇಲೆ ಟಾಕೀಸಿನ ಮೆಟ್ಟಿಲು ಹತ್ತದ ಅವ್ವ ಮೂರು ದಿನ ಬಿಡದೆ 'ಮುಸುಕಿನ ಕುಡಗೋಲು' ನೋಡಿದಳು. ನಾನು ಮೂರು ದಿನ ರಜೆ ಹಾಕಿದೆ. ಮೊದಲ ನಾಲ್ಕು ಕೊಲೆಗಳಿಗೆ ಅವಳು ಸೆರಗಿನಲ್ಲಿ ಮುಖ ಮುಚ್ಚಿ ಕೂರುತ್ತಿದ್ದಳು. ಡೊಳ್ಳಿನ ಸದ್ದು ಕೇಳಿದ ಕೂಡಲೇ ನಾನು ಅವಳ ಮೊಣಕೈ ಮುಟ್ಟುತ್ತಿದ್ದೆ. ಅವಳು ಸೆರಗು ಸರಿಸಿ, ಮುಂದಿನ ಕುರ್ಚಿ ಹಿಡಿದು, ಕತ್ತು ಚಾಚುತ್ತಿದ್ದಳು. ಕಸ್ತೂರಿ ನಕ್ಕ ಮೇಲೆ, ಕುಡಗೋಲಿಗಿಂತ ಮೊದಲು, "ಸಾಕ, ಏಳು" ಎನ್ನುತ್ತಿದ್ದಳು. ಕತ್ತಲಲ್ಲಿ ಮಂದಿಯ ಕಾಲು ತುಳಿಯುತ್ತ ಇಬ್ಬರೂ ಹೊರಗೆ ಬರುತ್ತಿದ್ದೆವು. ಹಿಂದೆ ನಗು ಕೇಳುತ್ತಿತ್ತು.

"ಯಾರನ್ನ ನೋಡಿ ನಗತಾಳ ಆಕಿ?" ಎಂದು ಪ್ರತಿದಿನ ಬಸ್ಸಿನಲ್ಲಿ ಕೇಳುತ್ತಿದ್ದಳು. ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಹೋದಾಗ ಪೋಸ್ಟರು ಕಿತ್ತು ಬೇರೆ ಸಿನಿಮಾ ಹಚ್ಚುತ್ತಿದ್ದರು. ಅವ್ವ ಗೇಟಿನ ಹತ್ತಿರ ನಿಂತು ಕಾವಲಿನವನಿಗೆ ಕೇಳಿದಳು, "ಯಪ್ಪಾ, ಮತ್ತ ಯಾವಾಗ ಹಚ್ಚತೀರಿ?" ಅವನು ಅವಳನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕ. "ಆ ಹಲಕಟ್ ಸಿನಿಮಾ ಯಾರ ನೋಡತಾರವ್ವ ಮುದಕಿ? ನೀನ ಒಬ್ಬಾಕಿ."

ನಾನು ಅಲ್ಲಿಂದಲೇ ಅವ್ವನನ್ನು ಊರಿನ ಬಸ್ಸಿಗೆ ಹತ್ತಿಸಿ ಹುಕ್ಕೇರಿಗೆ ಹೋದೆ. ಬಾಳಣ್ಣ ಸ್ಟುಡಿಯೋದಲ್ಲಿ ಒಬ್ಬನೇ ಕೂತಿದ್ದ. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿ ಎದ್ದು ನಿಂತ. ಹಿಂದೆಂದೂ ಹಾಗೆ ಎದ್ದವನಲ್ಲ.

"ನೋಡಿದಿ?"

"ಅವ್ವನೂ ನೋಡಿದ್ಳು. ಮೂರ ಸಲ."

ಅವನು ಕೂತ. "ಬಾಸಿಂಗದಾಗ ಮುಖ ಕಾಣೂದಿಲ್ಲ ಅನಕೊಂಡಿದ್ದೆ ತಂಗಿ. ಮಂದೀನ್ನ ಕೂಡಸಿ ಮದುವಿ ತಗಿಯಾಕ ಆ ಗುತ್ತಿಗೆದಾರ ಖರ್ಚ ಮಾಡಾಕ ಒಲ್ಲೆ ಅಂದ. ನನ್ನ ಕಪಾಟಿನ್ಯಾಗ ಇಷ್ಟ ಮದುವಿ ಅದಾವು, ಆದ್ರ ಅಷ್ಟ ಚೆಂದ ನಡದಾಕಿ ಮತ್ತೊಬ್ಬಾಕಿ ಇರಲಿಲ್ಲ."

"ಡಿಸ್ಕ ಸುಟ್ಟಿತ್ತಲ್ಲ ಬಾಳಣ್ಣ?"

ಹೊರಗೆ ಸಂತೆಗೆ ಬಂದವರು ಹೋಗುತ್ತಿದ್ದರು. ಅವನು ಎದ್ದು ಬಾಗಿಲು ಮುಂದೆ ಮಾಡಿದ.

"ಅವರು ಬ್ಯಾಡ ಅಂದ್ರು. ಆಕಿ ಗಂಡನ ಮನಿಯವರು. ಹೊಸಾ ಸೊಸಿ ಬರಾಕತ್ತಾಳ, ಹಳೇದು ಯಾರ ಕೈಗೂ ಸಿಗಬಾರದು, ಊರಾಗ ಮಾತ ಆಕ್ಕಾವು ಅಂದ್ರು."

"ಅವರ ಮಾತ ನೀ ಯಾಕ ಕೇಳಬೇಕಿತ್ತು?"

"ಆ ಮದುವೀನೂ ನಾನ ತಗದೆ."

ಅಂದರೆ ಕಸ್ತೂರಿಯ ಮುಂದೆ ಹಿಂದಕ್ಕೆ ನಡೆದವನು, ಅವಳ ಗಂಡನ ಎರಡನೆಯ ಹೆಂಡತಿಯ ಮುಂದೆಯೂ ಹಾಗೆಯೇ ನಡೆದಿದ್ದ. ಅದಾದ ಮೇಲೆ ಏಳು ವರ್ಷ ನನಗೆ ಚಹಾ ತರಿಸಿಕೊಟ್ಟಿದ್ದ. ನಾನು ಬೈಯಲು ಹೋಗಿದ್ದವಳು. ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. "ಅವ್ವ ನಿನಗ ಸಮಾಧಾನ ಮಾಡಿ ಬಂದಿದ್ಳು" ಎಂದಷ್ಟೇ ಅಂದೆ.

ಅವನು ಕಪಾಟು ತೆರೆದು, ಬೆರಳಿನಷ್ಟು ಉದ್ದದ ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟ. "ಎಲ್ಲಾ ಐತಿ. ಮೊದಲಿಂದ ಕಡೀತನಕಾ. ಸಿನಿಮಾ ಬಿಟ್ಟ ದಿನಾನ ತಗದ ಇಟ್ಟೇನಿ, ತರಾಕ ಕಾಲ ಬರಲಿಲ್ಲ." ಎತ್ತಿ ಅವನ ಮುಖಕ್ಕೆ ಎಸೆಯಬೇಕೆನಿಸಿತು. ಆದರೆ ಅದು ಅವನದಲ್ಲ, ನನ್ನದೂ ಅಲ್ಲ, ಅವ್ವನದು. ಪರ್ಸಿನಲ್ಲಿ ಹಾಕಿಕೊಂಡು ಎದ್ದೆ.

ಮನೆಯ ಟಿವಿಗೆ ಅದನ್ನು ಚುಚ್ಚಿ ಕೂತೆವು. ಅರಿಷಿಣ, ಸುರಗಿಯ ನೀರು, ಅಕ್ಕಿಕಾಳು, ಊಟದ ಪಂಕ್ತಿ. ಮೆರವಣಿಗೆ ಬಂತು. ಸಿನಿಮಾದಲ್ಲಿ ಕತ್ತರಿಸಿದ ಜಾಗ ಬಂತು. ಕಸ್ತೂರಿ ಬಾಸಿಂಗದ ಎಳೆ ಸರಿಸಿ ನಕ್ಕಳು. ಕ್ಯಾಮೆರಾ ಅವಳ ಕಣ್ಣು ಹೋದ ಕಡೆ ತಿರುಗಿತು. ಅಲ್ಲಿ ಅವ್ವ. ಒಂದು ಆಡು ಆರತಿಯ ತಟ್ಟೆಯೊಳಗಿನ ವೀಳ್ಯದೆಲೆಗೆ ಬಾಯಿ ಹಾಕಿದೆ. ಅವ್ವ ಒಂದು ಕೈಯಲ್ಲಿ ತಟ್ಟೆ ಎತ್ತಿ, ಮತ್ತೊಂದು ಕೈಯಲ್ಲಿ ಆಡಿನ ಕಿವಿ ಹಿಡಿದು, ಬೀಗರ ಎದುರೇ ಅದಕ್ಕೆ ಬಾಯಿ ತುಂಬ ಬೈಯುತ್ತಿದ್ದಾಳೆ. ಕಸ್ತೂರಿಯ ದನಿ ಕೇಳಿತು: "ಯವ್ವಾ, ಬಿಡ ಅದನ್ನ, ಎಲ್ಲಾರೂ ನೋಡಾಕತ್ತಾರ!"

ಅವ್ವ ಟಿವಿಯ ಹತ್ತಿರ ಹೋಗಿ ನಿಂತಳು. ಮತ್ತೊಮ್ಮೆ ಹಚ್ಚು ಅಂದಳು. ಮತ್ತೊಮ್ಮೆ ಹಚ್ಚಿದೆ. ಎಷ್ಟು ಸಲವೋ.

ಆಮೇಲೆ ನಾನೇ ಕೇಳಿದೆ, "ನಿನಗ ಸಿಟ್ಟ ಬರೂದಿಲ್ಲೇನು ಅವನ ಮ್ಯಾಲೆ?"

"ಸಿಟ್ಟಿನ ಮಾತಲ್ಲ," ಎಂದಳು ಅವ್ವ. "ಆಕಿ ದನಿ ಹೆಂಗಿತ್ತು ಅನ್ನೂದು ನನಗ ಮರತ ಹೋಗಿತ್ತು. ದಿನಾ ನೆನಸಾಕ ನೋಡತಿದ್ದೆ, ಬರತಿದ್ದಿಲ್ಲ. ತಾಯಿ ಆಗಿ ಮರತೆನಲ್ಲ ಅಂತ ಯಾರ ಮುಂದೂ ಹೇಳಾಕ ನಾಚಕಿ. ಆವಾಗೆಲ್ಲಾ ಅದು ಅವನ ಕಪಾಟಿನ್ಯಾಗ ಇತ್ತು."

ಬಾಳಣ್ಣನನ್ನು ನಾನು ಮತ್ತೊಮ್ಮೆ ಮಾತ್ರ ನೋಡಿದೆ. ಗೋಕಾಕದ ಬಸ್ ನಿಲ್ದಾಣದಲ್ಲಿ, ಬೆಳಿಗ್ಗೆ. ಸಿನಿಮಾ ನೆಲಕಚ್ಚಿದ ಮೇಲೆ ಮದುವೆಗೆ ಅವನನ್ನು ಕರೆಯುವವರು ಕಡಿಮೆಯಾಗಿದ್ದರು. ಕ್ಯಾಮೆರಾದ ಚೀಲವಿಲ್ಲದ ಅವನ ಹೆಗಲು ಒಂದು ಕಡೆ ಮೇಲೆದ್ದಂತೆ ಕಾಣುತ್ತಿತ್ತು. ನನ್ನನ್ನು ಕಂಡು ಹತ್ತಿರ ಬಂದ. "ತಂಗಿ, ಅವ್ವ ಆರಾಮ ಅದಾಳೇನು?" ನಾನು ಬಸ್ಸಿನ ಬೋರ್ಡು ಓದುತ್ತ ನಿಂತೆ. ಮೂಡಲಗಿ ಎಂಬ ನಾಲ್ಕಕ್ಷರವನ್ನು ಓದಲು ಎಷ್ಟು ಹೊತ್ತು ಬೇಕು? ಅವನು ಸ್ವಲ್ಪ ಕಾದು, "ಆತ ಬಿಡವಾ" ಎಂದು ಚಹಾದಂಗಡಿಯ ಕಡೆ ಹೋದ.

ಈ ಬೇಸಿಗೆಯ ಹೊಸ್ತಿಲಲ್ಲಿ, ಸಾಲಿಯಲ್ಲಿ ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಅವ್ವನ ಫೋನು ಬಂತು. ಬಾಳಣ್ಣ ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲವಂತೆ.

"ನಾ ಹುಕ್ಕೇರಿಗೆ ಹೊಂಟೇನಿ, ಮಾದೇವಿ. ಅವನ ಹೇಣತಿ ಒಬ್ಬಾಕೀನ ಆಗ್ಯಾಳ. ನೀ ಬರತೀ?"

"ಪರೀಕ್ಷಾ ಅದಾವ ಅವ್ವ," ಎಂದೆ.

ಅವ್ವ, "ಹಂಗಾರ ಬ್ಯಾಡ. ನಾ ಹೋಗಿ ಬರ್ತೇನಿ" ಎಂದು ಫೋನಿಟ್ಟಳು. ನಾನು ತರಗತಿಗೆ ಹೋಗಿ ಮಕ್ಕಳಿಗೆ ಪಾಠ ತೆಗೆಯಲು ಹೇಳಿದೆ. ಪರೀಕ್ಷೆ ಇನ್ನೂ ಹದಿನೈದು ದಿನ ದೂರವಿತ್ತು.